ಬಿಳಿಯವಳ ಗೋಡೆ

ನಮ್ಮ ಅಡುಗೆಮನೆಯ ಗೋಡೆ
ಒಂದು ಕಾಲದಲ್ಲಿ ನದಿಯ ಮೇಲೆ ನಡೆದದ್ದು.
ನಂಬದಿದ್ದರೆ ಒಲೆಯ ಎಡಕ್ಕೆ ಕೈಯಾಡಿಸಿ,
ಸೊಂಟದೆತ್ತರಕ್ಕೆ ಇಪ್ಪತ್ತಮೂರು ಕಚ್ಚು ಸಿಗುತ್ತವೆ,
ದಿನಕ್ಕೊಂದರಂತೆ ಕೊಡಲಿಯ ಮೊನೆಯಲ್ಲಿ ಕಡಿದವು.
ಕೊನೆಯದು ಅರ್ಧಕ್ಕೇ ನಿಂತಿದೆ.

ಯಾಕೆಂದು ಅಜ್ಜಿ ಫೆವ್ರೋನ್ಯಳನ್ನು ಕೇಳಿದರೆ
ಒಂದು ಸಲ, ಆ ದಿನ ಮಧ್ಯಾಹ್ನಕ್ಕೇ ದಡ ಮುಟ್ಟಿದೆವು, ಅನ್ನುವಳು.
ಇನ್ನೊಂದು ಸಲ, ಕಡಿಯುವ ಕೈ ನೀರಿಗೆ ಹೋಯಿತು, ಅನ್ನುವಳು.
ಎರಡು ಸಲವೂ ಸೌಟು ತಿರುಗುವುದು ನಿಲ್ಲುತ್ತಿರಲಿಲ್ಲ.

ವೆತ್ಲುಗಾ ದಂಡೆಯ ಕಾಡಿನಲ್ಲಿ, ಹಿಮದ ಮೇಲೆ,
ಚಳಿಗಾಲವಿಡೀ ಬಡಗಿಗಳು ಕಟ್ಟಿದರಂತೆ ಅವಳನ್ನು.
ನೀರಿಗೆ ಇಳಿಸಲಿಲ್ಲ. ಅಷ್ಟು ದೊಡ್ಡ ಹೆಗಲು ಯಾರಿಗಿತ್ತು?
ದಡದಲ್ಲಿ ಕೂರಿಸಿ ಕಾದರು.
ಏಪ್ರಿಲ್ಲಿನಲ್ಲಿ ಮಂಜುಗಡ್ಡೆ ಒಡೆದು ನದಿಯೇ ಮೇಲೆ ಬಂತು,
ಹಸುಗೂಸನ್ನು ಎತ್ತುವ ಹಾಗೆ ಬುಡಕ್ಕೆ ಕೈ ಕೊಟ್ಟು ಎತ್ತಿತು.

ಡಾಂಬರು ಬಳಿಯಲಿಲ್ಲ. ಒಂದೇ ಪಯಣದವಳಿಗೆ ಯಾಕೆ ಖರ್ಚು?
ಸಿಪ್ಪೆ ಸುಲಿದ ಮೈ ಹಾಗೇ ಬೆಳ್ಳಗೆ,
ಅದಕ್ಕೇ ಬೆಲ್ಯಾನ, ಬಿಳಿಯವಳು.
ಹೊಟ್ಟೆಯೊಳಗೆ ಮರ, ಬೆನ್ನ ಮೇಲೆ ಮರ, ಮೈಯೂ ಮರ.
ಮಾರುವ ಸರಕು ಯಾವುದು, ಹೊರುವ ದೋಣಿ ಯಾವುದು
ಎಂದು ಬಿಡಿಸಿ ಹೇಳಲು ಮಾಲೀಕನಿಗೂ ಆಗುತ್ತಿರಲಿಲ್ಲ.
ದಿಮ್ಮಿಗಳ ನಡುವೆ ಒಬ್ಬ ತೆವಳುವಷ್ಟು ಸಂದು,
ಎಲ್ಲಿ ನೀರು ಒಸರಿದರೂ ಅಲ್ಲಿಗೆ
ನಾರಿನ ಉಂಡೆ ಹಲ್ಲಲ್ಲಿ ಕಚ್ಚಿಕೊಂಡು ನುಗ್ಗಬೇಕು.

ಅಜ್ಜಿಗೆ ಹತ್ತೊಂಬತ್ತು. ಅರವತ್ತು ಗಂಡಸರಿಗೆ ಗಂಜಿ.
ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ,
ಸುತ್ತಲೂ ಒಂದು ಕಿಡಿಗೆ ಕಾದು ಕೂತ ಕಾಡು.
ಹಂಡೆಯೊಳಗೇ ಇಳಿದು ತಿಕ್ಕುತ್ತಿದ್ದಳಂತೆ,
ಹೊರಗಿನವರಿಗೆ ತಲೆವಸ್ತ್ರವಷ್ಟೇ ಕಾಣುತ್ತಿತ್ತು.
ದಾರಿ ತೋರುವ ಮುದುಕ ಸವ್ವಾತಿ ಮರಳದಿಣ್ಣೆಗಳನ್ನು
ತನಗೆ ದುಡ್ಡು ಕೊಡಬೇಕಾದವರೆಂಬಂತೆ
ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತಿದ್ದ.

ಹಿಂದುಮುಂದಾಗಿ ತೇಲುವುದೇ ಅವಳ ರೀತಿ.
ಮುಖ ಹಿಂದಕ್ಕೆ, ಬೆನ್ನು ಮುಂದಕ್ಕೆ,
ಹಗ್ಗದ ತುದಿಯಲ್ಲಿ ನದಿಯ ತಳ ಉಜ್ಜುತ್ತ ಬರುವ ಕಬ್ಬಿಣದ ಗಡ್ಡೆ
ಓಡಬೇಡ, ಓಡಬೇಡ ಎಂದು ಸೆರಗು ಜಗ್ಗುತ್ತ.
ತವರಿನ ಕಡೆಗೇ ಮುಖಮಾಡಿಕೊಂಡು
ಗಂಡನ ಮನೆಗೆ ಹೋಗುವವರು ಬೇರೆ ಹೇಗೆ ಹೋದಾರು?

ಕೆಳಗೆ, ತ್ಸಾರಿತ್ಸಿನ್ ದಾಟಿದರೆ, ಮರವೇ ಇಲ್ಲದ ಬಯಲು.
ಒಂದು ಕಂಬಕ್ಕೆ ಒಂದು ಕುರಿ ಕೊಡುತ್ತಿದ್ದರು
(ಅಜ್ಜಿಯ ಲೆಕ್ಕ. ಅವಳ ಕುರಿಗಳು ವರ್ಷವರ್ಷಕ್ಕೂ ದಪ್ಪವಾಗುತ್ತಿದ್ದವು).
ಎರಡು ತುದಿಯಿಂದಲೂ ಸಮಸಮ ಇಳಿಸಬೇಕು,
ಒಂದು ಕಡೆ ಅವಸರ ಮಾಡಿದರೆ ಬೆನ್ನೆಲುಬು ಮುರಿಯುತ್ತದೆ.
ದಿಮ್ಮಿ ಮುಗಿದವು. ಆಮೇಲೆ ಹಲಗೆ. ಆಮೇಲೆ ಪಕ್ಕೆಲುಬು.
ಆಮೇಲೆ ನೀರು, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ.

ಮೇಲಿದ್ದ ಕೋಣೆಯನ್ನು ಇಡಿಯಾಗಿ ಕೊಂಡವನು
ಮೀನಿಗೆ ಉಪ್ಪು ಹಾಕುವ ನಿಕಂದ್ರ.
ಕಳಚಲು ಬಂದರೆ ಒಲೆಯ ಮುಂದೆ ಒಬ್ಬಳು ಕೂತಿದ್ದಾಳೆ.
ಉಳಿದವರು ಕೂಲಿ ಎಣಿಸಿ, ಕುಡಿದು,
ಉಗಿಹಡಗು ಹತ್ತಿ ಉತ್ತರಕ್ಕೆ ಹೋಗಿಯಾಗಿದೆ.
ಏಳು, ಅಂದ.
ಹಂಡೆ ಇನ್ನೂ ಬಿಸಿಯಿದೆ, ಅಂದಳು.
ನಮ್ಮ ಮನೆತನದ ಇತಿಹಾಸ ಇಷ್ಟೇ.

ವೆತ್ಲುಗಾ ಹೇಗಿತ್ತು ಎಂದು ಕೇಳಿದರೆ ಮಾತ್ರ
ಕಚ್ಚುಗಳ ಮೇಲೆ ಬೆರಳಿಟ್ಟು ಹಿಂದುಹಿಂದಕ್ಕೆ ಎಣಿಸುವಳು,
ಇಪ್ಪತ್ತಮೂರು, ಇಪ್ಪತ್ತೆರಡು,
ಒಂದನ್ನು ಮುಟ್ಟುವ ಮೊದಲು ಯಾರಾದರೂ ಕರೆಯುತ್ತಿದ್ದರು.

ಮೊನ್ನೆ ವಿದ್ಯುತ್ ತಂತಿ ಎಳೆಯಲು ಬಂದ ಹುಡುಗ, ಗ್ಲೇಬ್,
ಆ ಗೋಡೆಗೇ ಬೈರಿಗೆ ಇಟ್ಟ.
ಮೊದಲು ಹೊಗೆಯ ಜಿಡ್ಡು ಉದುರಿತು, ಮೂರು ಬಣ್ಣದ ಸುಣ್ಣ ಉದುರಿತು.
ಆಮೇಲೆ ಒಮ್ಮೆಲೇ ಪೈನ್ ಅಂಟಿನ ವಾಸನೆ,
ನೆಲದ ಮೇಲೆ ಒಂದು ಹಿಡಿ ಹೊಟ್ಟು,
ಬೆಳ್ಳಗೆ.
ಗುಡಿಸಲಾ, ಎಂದ.
ಇರಲಿ ಎಂದೆ. ಕಿಟಕಿ ಮುಚ್ಚು, ಗಾಳಿಯಿದೆ.